ಕುಣಿಕೆ ತೆಗೆದ ರೂಪಾಯಿ

ಹಳೇ ನಾಣ್ಯ ಕೈಗೆ ಬಂದರೆ ಹೊಸಬರು ಮೊದಲು ರಾಜನ ಮುಖ ನೋಡುತ್ತಾರೆ. ಪಳಗಿದವರು ಅಂಚು ನೋಡುತ್ತಾರೆ. ಈ ಪಾಠವನ್ನು ನಾನು ದುಡ್ಡು ಕೊಟ್ಟು ಕಲಿತೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ 1911ರ ಬೆಳ್ಳಿ ರೂಪಾಯಿ ಕೊಂಡೆ. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಹೊರಟ ಮೊದಲ ರೂಪಾಯಿ ಅದು. ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಸೊಂಡಿಲು ಮೋಟು, ಕಾಲು ಗಿಡ್ಡ. ಜನ ಅದನ್ನು ಹಂದಿ ಅಂದುಕೊಂಡರು. ದೊಡ್ಡ ಗಲಾಟೆಯಾಯಿತು. ಸರ್ಕಾರ ಆ ರೂಪಾಯಿಗಳಲ್ಲಿ ಬಹುಪಾಲನ್ನು ಕರಗಿಸಿತು. 1912ರಿಂದ ಆನೆಗೆ ಸರಿಯಾದ ಸೊಂಡಿಲು ಬಂತು. ಸಂಗ್ರಾಹಕರ ಬಾಯಲ್ಲಿ ಇದಕ್ಕೆ ಇವತ್ತಿಗೂ ‘ಪಿಗ್ ರುಪೀ’ ಅಂತಲೇ ಹೆಸರು. ಬೇರೆ ವರ್ಷದ ರೂಪಾಯಿಗಿಂತ ಬೆಲೆ ಜಾಸ್ತಿ.

ಮನೆಗೆ ಬಂದು ರಟ್ಟಿನ ಹೋಲ್ಡರ್‌ನಿಂದ ತೆಗೆದು, ಕಿಟಕಿಯ ಬೆಳಕಿನಲ್ಲಿ ಅಂಚನ್ನು ನಿಧಾನಕ್ಕೆ ತಿರುಗಿಸಿದೆ. ಅಂಚಿನ ಹಲ್ಲುಗಳು ಒಂದೇ ಸಮ ಸಾಗಿ ಬರುತ್ತಿದ್ದವು. ರಾಜನ ಕಿರೀಟದ ಮೇಲ್ಗಡೆ, ಗಡಿಯಾರದಲ್ಲಿ ಹನ್ನೆರಡು ಇರುವ ಜಾಗಕ್ಕೆ ಬಂದಾಗ ತಾಳ ತಪ್ಪಿತು. ಮೂರ್ನಾಲ್ಕು ಮಿಲಿಮೀಟರ್ ಉದ್ದಕ್ಕೆ ಹಲ್ಲುಗಳು ಸ್ವಲ್ಪ ಓರೆ, ಒಂದಕ್ಕೊಂದು ಅಂತರ ಬೇರೆ. ಭೂತಗನ್ನಡಿ ಹಿಡಿದರೆ ಅರದ ಗೀರು ಕಾಣುತ್ತಿತ್ತು. ಅಲ್ಲಿನ ಲೋಹದ ಬಣ್ಣವೂ ಕೊಂಚ ಹಳದಿಗೆ ತಿರುಗಿತ್ತು. ಬೆಸುಗೆಯ ಗುರುತು ಅದು. ಈ ರೂಪಾಯಿ ಯಾರದೋ ಕೊರಳಲ್ಲಿತ್ತು. ಸರಕ್ಕೆ ಪೋಣಿಸಲು ಬೆಸೆದಿದ್ದ ಕುಣಿಕೆ ಕಿತ್ತು, ಜಾಗ ಉಜ್ಜಿ, ಹೊಸ ಹಲ್ಲು ಕೊರೆದಿದ್ದರು.

ಮಾರಿದವರಿಗೆ ಫೋನ್ ಮಾಡಿದೆ. ‘ಅಣ್ಣ, ಇದಕ್ಕೆ ಕುಣಿಕೆ ಇತ್ತು ಅಲ್ವಾ?’ ಅಂದೆ.

‘ಸಾರ್, ನಮ್ಮ ಕಡೆ ಯಾವ ರೂಪಾಯಿಗೆ ಕುಣಿಕೆ ಇರಲಿಲ್ಲ ಹೇಳಿ?’ ಅಂದರು.

ಆ ಮಾತು ಸುಳ್ಳಲ್ಲ. ಆದರೆ ನನ್ನ ಪ್ರಶ್ನೆಗೆ ಉತ್ತರವೂ ಅಲ್ಲ. ನಾಣ್ಯ ಸಂಗ್ರಹದ ಹವ್ಯಾಸದಲ್ಲಿ ಈಗ ನಡೆಯುತ್ತಿರುವ ಜಗಳದ ಬಹುಪಾಲು ಈ ಎರಡು ಮಾತುಗಳ ನಡುವೆ ಇದೆ.

ಖೋಟಾ ನಾಣ್ಯ ಬೇರೆ, ತಿದ್ದಿದ ನಾಣ್ಯ ಬೇರೆ. ಖೋಟಾ ಅಂದರೆ ಪೂರ್ತಿ ಸುಳ್ಳು. ಅದನ್ನು ಹಿಡಿಯಲು ದಾರಿ ಇದೆ. ಬ್ರಿಟಿಷ್ ಕಾಲದ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಒಂದು ತೊಲ. 1940ಕ್ಕೆ ಮುಂಚಿನವುಗಳಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಚಿನ್ನ ತೂಗುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಮನೆಯಲ್ಲಿದ್ದರೆ ಒಂದು ಪರೀಕ್ಷೆ ಮಾಡಿ ನೋಡಬಹುದು. ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ, ತಳಕ್ಕೆ ತಾಗದ ಹಾಗೆ ನೀರಲ್ಲಿ ಇಳಿಬಿಡಿ. ಅಸಲಿ ರೂಪಾಯಿಯಾದರೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸಬೇಕು. 11.66 ಅನ್ನು 1.13ರಿಂದ ಭಾಗಿಸಿದರೆ 10.3 ಬರುತ್ತದೆ. ಆ ಬೆಳ್ಳಿಯ ಸಾಂದ್ರತೆ ಅಷ್ಟೇ. ಒಳಗೆ ತಾಮ್ರ ಇಟ್ಟು ಮೇಲೆ ಬೆಳ್ಳಿ ಲೇಪ ಕೊಟ್ಟ ಮಾಲು ಇಲ್ಲಿ ಸಿಕ್ಕಿಬೀಳುತ್ತದೆ.

ನನ್ನ ಹಂದಿ ರೂಪಾಯಿ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಯಿತು. ಆಗಲೇಬೇಕು, ಯಾಕಂದರೆ ಅದು ಅಸಲಿಯೇ. ಅದೇ ಟಂಕಸಾಲೆ, ಅದೇ ಅಚ್ಚು, ಅದೇ ಬೆಳ್ಳಿ. ಆಭರಣದ ಅಂಗಡಿಯ ಯಂತ್ರದಲ್ಲಿ ಇಟ್ಟರೂ ಬೆಳ್ಳಿಯ ಪ್ರಮಾಣ ಸರಿಯಾಗೇ ಬರುತ್ತದೆ. ಗುರಿಯಿಟ್ಟು ಬೆಸುಗೆಯ ಜಾಗಕ್ಕೇ ಹಿಡಿದರೆ ಮಾತ್ರ ಬೇರೆ ಲೋಹ ಕಂಡೀತು. ತಿದ್ದಿದ ನಾಣ್ಯದ ಅಪಾಯ ಇದೇ. ಅದರಲ್ಲಿ ತೊಂಬತ್ತೊಂಬತ್ತು ಪಾಲು ನಿಜ. ನಮ್ಮಲ್ಲಿರುವ ಪರೀಕ್ಷೆಗಳೆಲ್ಲ ಆ ತೊಂಬತ್ತೊಂಬತ್ತನ್ನೇ ಅಳೆಯುತ್ತವೆ.

ಅಂಚು ತಿದ್ದುವುದು ಒಂದು ಬಗೆ. ಇಸವಿ ತಿದ್ದುವುದು ಇನ್ನೊಂದು. ಆರನೇ ಜಾರ್ಜ್ ಕಾಲದ 1939ರ ರೂಪಾಯಿ ಭಾರತದ ನಾಣ್ಯಗಳಲ್ಲಿ ಹೆಸರುವಾಸಿ ಅಪರೂಪ. ಯುದ್ಧ ಶುರುವಾಗಿ, 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1939ರವು ಜನರ ಕೈಗೆ ಬಂದದ್ದೇ ಕಡಿಮೆ. 1938ರದ್ದು ಸಾವಿರದ ಲೆಕ್ಕದಲ್ಲಿ ಸಿಗುತ್ತದೆ, 1939ರದ್ದು ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ಇವೆರಡರ ನಡುವೆ ಇರುವುದು ಒಂದು ಅಂಕಿ. 8ರ ಕೆಳಗಿನ ಸೊನ್ನೆಯ ಎಡಮಗ್ಗುಲನ್ನು ಒಂಚೂರು ಕೆರೆದು ತೆಗೆದರೆ 9 ಆಗಿಬಿಡುತ್ತದೆ. ಅಕ್ಕಸಾಲಿಗನ ಉಳಿ ಹಿಡಿದು ಅಭ್ಯಾಸ ಇರುವವನಿಗೆ ಐದು ನಿಮಿಷದ ಕೆಲಸ.

ಹಿಡಿಯುವುದು ಹೇಗೆ? ನಾಣ್ಯದಲ್ಲಿ ಅಂಕಿ ಮೇಲೆ ಎದ್ದಿರುತ್ತದೆ. ಸುತ್ತಲಿನ ಬಯಲು ಒಂದೇ ಹೊಡೆತದಲ್ಲಿ ಅಚ್ಚಿನಿಂದ ಬಂದದ್ದು, ಹಾಗಾಗಿ ಅದರ ಮೈ ಒಂದೇ ಥರ ಇರುತ್ತದೆ. ಕೆರೆದ ಜಾಗದಲ್ಲಿ ಆ ಮೈ ಮುರಿದಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು, ಬೆಳಕನ್ನು ಮೇಲಿಂದ ಬಿಡದೆ ಪಕ್ಕದಿಂದ ತಗ್ಗಾಗಿ ಬಿಟ್ಟರೆ ಅಲ್ಲಿ ಚಿಕ್ಕ ತಗ್ಗು, ಒಂದೆರಡು ಸಮಾನಾಂತರ ಗೀರು ಕಾಣುತ್ತವೆ. 9ರ ಬಾಲವೂ ಅಸಲಿ 9ರ ಹಾಗೆ ಬಳುಕುವುದಿಲ್ಲ. ಅದಿನ್ನೂ 8ರ ಸೊಂಟದ ಗುಂಗಿನಲ್ಲೇ ಇರುತ್ತದೆ. ಅಸಲಿ 1939ರ ದೊಡ್ಡ ಫೋಟೊ ಪಕ್ಕದಲ್ಲಿಟ್ಟು ಹೋಲಿಸಿದರೆ ಗೊತ್ತಾಗುತ್ತದೆ. ಅಸಲಿ ಒಂದನ್ನೂ ನೋಡದವನಿಗೆ ಗೊತ್ತಾಗುವುದಿಲ್ಲ.

ಸ್ವಾತಂತ್ರ್ಯಾನಂತರದ ನಾಣ್ಯಗಳಲ್ಲಿ ತಿದ್ದುವವರ ಕೆಲಸ ಇನ್ನೂ ಸುಲಭ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ನಕ್ಷತ್ರವನ್ನು ಉಜ್ಜಿಬಿಟ್ಟರೆ ಹೈದರಾಬಾದಿನ ನಾಣ್ಯ ಕೋಲ್ಕತ್ತದ್ದಾಗುತ್ತದೆ. ‘ಎರರ್ ಕಾಯಿನ್’, ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ನಾಣ್ಯದ ಹುಚ್ಚು ಹತ್ತಿದ ಮೇಲಂತೂ ಒಂದು ನಾಣ್ಯವನ್ನು ಲೇತ್‌ನಲ್ಲಿ ಟೊಳ್ಳು ಮಾಡಿ ಇನ್ನೊಂದರ ಮುಖವನ್ನು ಕೂರಿಸಿ, ‘ಎರಡೂ ಕಡೆ ಸಿಂಹ’ ಅಂತ ಮಾರುವವರಿದ್ದಾರೆ. ಅಂಚಿನ ಒಳಗೆರೆಯ ಸುತ್ತ ಕೂದಲೆಳೆಯಷ್ಟು ಸಂದು ಇರುತ್ತದೆ. ಉಗುರು ಆಡಿಸಿದರೂ ಕೆಲವೊಮ್ಮೆ ತಡೆಯುತ್ತದೆ. ಮೇಜಿನ ಮೇಲೆ ಬೀಳಿಸಿದರೆ ಟಣ್ ಅನ್ನುವ ಬದಲು ಟಪ್ ಅನ್ನುತ್ತದೆ.

ನೋಟಿನವರದ್ದು ಬೇರೆ ಲೋಕ. ಅಲ್ಲಿ ತೊಳೆಯುತ್ತಾರೆ, ಗಂಜಿ ಹಾಕುತ್ತಾರೆ, ಇಸ್ತ್ರಿ ಮಾಡುತ್ತಾರೆ. ಥೇಟ್ ಪಂಚೆಯ ಹಾಗೆ. ರಿಸರ್ವ್ ಬ್ಯಾಂಕಿನ ಕ್ಲೀನ್ ನೋಟ್ ನೀತಿ ಬರುವ ಮುಂಚೆ ಬ್ಯಾಂಕುಗಳು ನೋಟಿನ ಕಟ್ಟಿಗೆ ಪಿನ್ನು ಹೊಡೆಯುತ್ತಿದ್ದವು. ಹಾಗಾಗಿ ಹಳೇ ನೋಟಿನಲ್ಲಿ ಎಡಗಡೆ ತೂತು ಇರುವುದೇ ಸಹಜ. ತೂತೇ ಇಲ್ಲದ ಹಳೇ ನೋಟು ಸಿಕ್ಕರೆ ಖುಷಿಪಡುವ ಮುಂಚೆ ದೀಪಕ್ಕೆ ಅಡ್ಡ ಹಿಡಿದು ನೋಡಬೇಕು. ಮುಚ್ಚಿದ ತೂತು ಬೆಳಕಿನಲ್ಲಿ ಮಸುಕು ಚುಕ್ಕೆಯಾಗಿ ನಿಲ್ಲುತ್ತದೆ.

ಇನ್ನು ಉಜ್ಜುವ ವಿಷಯ. ಇದು ನಮ್ಮ ಮನೆಗಳ ಕಥೆ.

ನಮ್ಮಜ್ಜಿಯ ದೇವರ ಪೆಟ್ಟಿಗೆಯಲ್ಲಿ ಐದು ಬೆಳ್ಳಿ ರೂಪಾಯಿಗಳಿದ್ದವು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುತ್ತಿದ್ದರು. ಮರುದಿನ ಅರಿಶಿನ ಕುಂಕುಮ. ವರ್ಷಕ್ಕೊಮ್ಮೆ ಹೀಗೆ ಅರವತ್ತು ವರ್ಷ. ಆ ರೂಪಾಯಿಗಳಲ್ಲಿ ರಾಣಿಯ ಮೂಗು ಸವೆದು ಮಟ್ಟಸವಾಗಿತ್ತು. ಸಂಗ್ರಾಹಕರ ಲೆಕ್ಕದಲ್ಲಿ ಅವು ಕೆಟ್ಟ ನಾಣ್ಯಗಳು. ‘ಕ್ಲೀನ್ಡ್’ ಅಂತ ಒಂದು ಪದ ಬಿದ್ದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ.

ನಾಣ್ಯ ಉಜ್ಜಬಾರದು ಅನ್ನುವ ನಿಯಮಕ್ಕೆ ಕಾರಣ ಇದೆ. ಅಚ್ಚಿನ ಹೊಡೆತಕ್ಕೆ ಲೋಹ ಹರಿದು ನಾಣ್ಯದ ಮೈಮೇಲೆ ಬರಿಗಣ್ಣಿಗೆ ಕಾಣದ ಗೆರೆಗಳು ಮೂಡುತ್ತವೆ. ಹೊಸ ನಾಣ್ಯವನ್ನು ಬೆಳಕಿನಲ್ಲಿ ಅಲ್ಲಾಡಿಸಿದಾಗ ಹೊಳಪು ಗಾಡಿಯ ಚಕ್ರದ ಕಡ್ಡಿಗಳ ಹಾಗೆ ಸುತ್ತುವುದು ಆ ಗೆರೆಗಳಿಂದ. ಒಮ್ಮೆ ಉಜ್ಜಿದರೆ ಅವು ಹೋದವು, ಮತ್ತೆ ಬರುವುದಿಲ್ಲ. ಉಳಿಯುವುದು ಕನ್ನಡಿಯ ಹಾಗೆ ಸಪ್ಪೆ ಹೊಳಪು, ಜೊತೆಗೆ ಸಾವಿರಾರು ಸಣ್ಣ ಗೀರು. ಬೆಳ್ಳಿ ಕಪ್ಪು ತೆಗೆಯುವ ದ್ರಾವಣದಲ್ಲಿ ಅದ್ದಿದರೆ ಗೀರು ಬೀಳುವುದಿಲ್ಲ, ಆದರೆ ಪ್ರತಿ ಸಲವೂ ಮೇಲ್ಪದರದ ಬೆಳ್ಳಿ ಒಂದಿಷ್ಟು ಕರಗುತ್ತದೆ. ನಾಲ್ಕೈದು ಸಲ ಅದ್ದಿದ ನಾಣ್ಯ ಸುಣ್ಣ ಬಳಿದಂತೆ ಪೇಲವ.

ಅಂಥದ್ದಕ್ಕೆ ಮತ್ತೆ ಬಣ್ಣ ಬರಿಸುವವರೂ ಇದ್ದಾರೆ. ಬೆಳ್ಳಿಗೆ ಗಂಧಕ ತಾಗಿದರೆ ಕಪ್ಪಾಗುತ್ತದೆ, ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೂ ಸಾಕು. ನಲವತ್ತು ವರ್ಷ ಬೀರುವಿನಲ್ಲಿ ಕೂತು ಬಂದ ಬಣ್ಣ ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ಸಾಗುತ್ತದೆ. ಹಳದಿ, ಕೆಂಪು, ನೀಲಿ ಒಂದರಲ್ಲೊಂದು ಕರಗಿರುತ್ತವೆ. ಎರಡು ದಿನದಲ್ಲಿ ಬರಿಸಿದ ಬಣ್ಣ ತೇಪೆಯ ಹಾಗೆ ಕೂತಿರುತ್ತದೆ. ಉಜ್ಜಿದ ಗೀರಿನ ಒಳಗೂ ಬಣ್ಣ ಇಳಿದಿದ್ದರೆ, ಮೊದಲು ಉಜ್ಜಿ ಆಮೇಲೆ ಬಣ್ಣ ಬಂದದ್ದು ಅಂತ ಅರ್ಥ. ಅದು ತಾನಾಗೇ ಬಂದದ್ದೋ ಬರಿಸಿದ್ದೋ ಅನ್ನುವುದರಲ್ಲಿ ತಜ್ಞರೇ ಎಷ್ಟೋ ಸಲ ಒಪ್ಪುವುದಿಲ್ಲ.

ಆದರೂ ಅಜ್ಜಿಯ ರೂಪಾಯಿಗಳನ್ನು ‘ಹಾಳಾದವು’ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಉಜ್ಜಿದ್ದನ್ನು ಅಜ್ಜಿ ಯಾರಿಂದಲೂ ಮುಚ್ಚಿಡಲಿಲ್ಲ. ಪ್ರತಿ ವರ್ಷ ಹಿತ್ತಲಲ್ಲಿ ಕೂತು ಎಲ್ಲರೆದುರೇ ಉಜ್ಜಿದರು. ಕಾಸಿನ ಸರದ ಕುಣಿಕೆಯೂ ಅಷ್ಟೇ. ಬೆಸುಗೆ ಹಾಕಿದ ಅಕ್ಕಸಾಲಿಗ ಮೋಸ ಮಾಡಲಿಲ್ಲ, ಸರ ಮಾಡಿದ. ಮೋಸ ಶುರುವಾಗುವುದು ಕುಣಿಕೆ ತೆಗೆದ ಕಡೆಯೂ ಅಲ್ಲ. ತೆಗೆದಿದ್ದನ್ನು ಹೇಳದೆ, ಹಲ್ಲು ಕೊರೆದು, ಮುಟ್ಟದ ನಾಣ್ಯದ ಬೆಲೆ ಕೇಳಿದಾಗ.

ತಮಾಷೆ ಏನೆಂದರೆ, ನಾಣ್ಯಕ್ಕೆ ಗಾಯ ಮಾಡುವುದೇ ಒಂದು ಕಾಲದಲ್ಲಿ ನಂಬಿಕೆ ಕೊಡುವ ದಾರಿಯಾಗಿತ್ತು. ಚಿನ್ನ ಬೆಳ್ಳಿ ದರಕ್ಕೆ ನಮ್ಮ ಪತ್ರಿಕೆಗಳು ಈಗಲೂ ‘ಚಿನಿವಾರ ಪೇಟೆ’ ಅಂತ ಬರೆಯುತ್ತವೆ. ಚಿನಿವಾರ ಅಂದರೆ ನಾಣ್ಯ ಪರೀಕ್ಷಿಸಿ, ಬದಲಿಸಿ ಕೊಡುತ್ತಿದ್ದವನು. ಉತ್ತರದಲ್ಲಿ ಸರಾಫ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಕೆಲಸಕ್ಕೆ ‘ರೂಪದರ್ಶಕ’ ಅನ್ನುವ ಅಧಿಕಾರಿಯೇ ಇದ್ದಾನೆ. ಇವರು ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುತ್ತಿದ್ದರು, ಸಣ್ಣ ಉಳಿಯಲ್ಲಿ ಹೊಡೆದು ಒಳಗಿನ ಲೋಹ ನೋಡುತ್ತಿದ್ದರು. ಪಾಸಾದರೆ ತಮ್ಮ ಗುರುತನ್ನು ಒತ್ತುತ್ತಿದ್ದರು. ಮೊಘಲರ ಮತ್ತು ಕಂಪನಿಯ ಕಾಲದ ಬೆಳ್ಳಿ ರೂಪಾಯಿಗಳ ಮೈತುಂಬ ಈ ಚಿಕ್ಕ ಹೂವು, ಚುಕ್ಕೆ, ಅರ್ಧಚಂದ್ರದ ಗುರುತುಗಳು ಸಿಗುತ್ತವೆ. ‘ನಾನು ನೋಡಿದ್ದೇನೆ, ಇದು ಸಾಚಾ’ ಅಂತ ಒಬ್ಬ ಮನುಷ್ಯ ಹಾಕಿದ ಸಹಿ ಅದು.

ಈಗ ಆ ಸಹಿಗಳನ್ನೇ ಬೆಳ್ಳಿ ತುಂಬಿ ಮುಚ್ಚುತ್ತಾರೆ, ಯಾಕಂದರೆ ಗುರುತಿದ್ದರೆ ಬೆಲೆ ಕಡಿಮೆ. ಇನ್ನೂರು ವರ್ಷದ ಹಿಂದಿನ ನಂಬಿಕೆಯನ್ನು ಅಳಿಸಿ ಇವತ್ತಿನ ನಂಬಿಕೆ ಗಿಟ್ಟಿಸಿಕೊಳ್ಳುವ ಈ ಕೆಲಸ ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಕನ್ನಡದಲ್ಲಿ ‘ನಾಣ್ಯಸ್ಥ’ ಅಂದರೆ ನಂಬಬಹುದಾದ ಮನುಷ್ಯ. ಪದ ನಾಣ್ಯದಿಂದ ಮನುಷ್ಯನಿಗೆ ಹೋಯಿತು. ಪೇಟೆಯಲ್ಲಿ ಲೆಕ್ಕ ಉಲ್ಟಾ: ಮನುಷ್ಯ ನಾಣ್ಯಸ್ಥ ಆಗಿದ್ದರೆ ಮಾತ್ರ ಅವನ ಕೈಯ ನಾಣ್ಯಕ್ಕೆ ಬೆಲೆ.

ಇವತ್ತಿನ ಚಿನಿವಾರ ಯಾರು? ಪ್ಲಾಸ್ಟಿಕ್ ಡಬ್ಬಿ. ಅಮೆರಿಕದಲ್ಲಿ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಅನ್ನುವ ನಾಣ್ಯ ಪರೀಕ್ಷೆಯ ಕಂಪನಿಗಳು ಶುರುವಾದವು. ನಾಣ್ಯ ಕಳಿಸಿದರೆ ಪರೀಕ್ಷಿಸಿ, 1ರಿಂದ 70ರ ಒಳಗೆ ಅಂಕ ಕೊಟ್ಟು, ಸೀಲ್ ಮಾಡಿದ ಡಬ್ಬಿಯಲ್ಲಿ ವಾಪಸ್ ಕೊಡುತ್ತಾರೆ. ಅದಕ್ಕೆ ಸ್ಲ್ಯಾಬ್ ಅನ್ನುತ್ತಾರೆ. ತಿದ್ದಿದ್ದು ಗೊತ್ತಾದರೆ ಅಂಕ ಇಲ್ಲ, ಬರೀ ‘ಡೀಟೇಲ್ಸ್’ ಅಂತ ಬರೆದು ಕಾರಣ ನಮೂದಿಸುತ್ತಾರೆ: ಉಜ್ಜಿದ್ದು, ಕುಣಿಕೆ ತೆಗೆದದ್ದು, ರಿಪೇರಿಯಾದದ್ದು. ಇದು ನಿಜಕ್ಕೂ ಒಳ್ಳೆಯ ಪದ್ಧತಿ. ನಾಣ್ಯದ ಕಥೆ ನಾಣ್ಯದ ಜೊತೆಗೇ ಪ್ರಯಾಣ ಮಾಡುತ್ತದೆ. ನಮ್ಮಲ್ಲಿ ಇಲ್ಲದ್ದು ಇದೇ.

ಆದರೆ ಡಬ್ಬಿಗೆ ಕೈಮುಗಿಯುವ ಮುಂಚೆ ಎರಡು ಕಥೆ ಕೇಳಿ.

ಆ 70 ಅಂಕದ ಅಳತೆಗೋಲನ್ನು 1949ರಲ್ಲಿ ರೂಪಿಸಿದವರು ವಿಲಿಯಂ ಶೆಲ್ಡನ್ ಅನ್ನುವ ಮನಃಶಾಸ್ತ್ರಜ್ಞ. ಅಮೆರಿಕದ ಹಳೇ ದೊಡ್ಡ ಸೆಂಟ್ ನಾಣ್ಯಗಳಲ್ಲಿ ಅವರ ಮಾತೇ ಕೊನೆ. ಅವರು ಸತ್ತ ಮೇಲೆ ಗೊತ್ತಾದದ್ದು ಏನೆಂದರೆ, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ನೂರಕ್ಕೂ ಹೆಚ್ಚು ಒಳ್ಳೆಯ ಸೆಂಟ್‌ಗಳನ್ನು ಎತ್ತಿ, ಆ ಜಾಗದಲ್ಲಿ ತಮ್ಮ ಕಳಪೆ ಸೆಂಟ್‌ಗಳನ್ನು ಇಟ್ಟಿದ್ದರು. ಯಾವುದು ಒಳ್ಳೆಯದು, ಯಾವುದು ಕಳಪೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು ಹೇಳಿ! ಸಂಸ್ಥೆ ಕೋರ್ಟು ಹತ್ತಿ ಅವುಗಳಲ್ಲಿ ಹಲವನ್ನು ವಾಪಸ್ ಪಡೆಯಿತು.

ಎರಡನೆಯದು ಬೇಸ್‌ಬಾಲ್ ಕಾರ್ಡಿನದು. ಹೋನಸ್ ವ್ಯಾಗ್ನರ್ ಅನ್ನುವ ಆಟಗಾರನ ಚಿತ್ರವಿದ್ದ, ಸಿಗರೇಟ್ ಪ್ಯಾಕಿನ ಜೊತೆ ಬರುತ್ತಿದ್ದ ಕಾರ್ಡು. 1909ರ ಸುಮಾರಿನದು. ಉಳಿದಿರುವುದು ಹತ್ತಾರು ಮಾತ್ರ. ಅದರಲ್ಲಿ ಒಂದಕ್ಕೆ ಮೂಲೆಗಳು ಚೂಪಾಗಿ, ಅಂಚು ನೇರವಾಗಿ, ನಿನ್ನೆ ಪ್ರೆಸ್ಸಿನಿಂದ ಬಂದ ಹಾಗಿತ್ತು. 1991ರಲ್ಲಿ ಪಿಎಸ್‌ಎ ಅನ್ನುವ ಕಾರ್ಡ್ ಗ್ರೇಡಿಂಗ್ ಕಂಪನಿ ಹತ್ತಕ್ಕೆ 8 ಅಂಕ ಕೊಟ್ಟು ಡಬ್ಬಿಗೆ ಹಾಕಿತು. ಕಂಪನಿಯ ಮೊದಲನೇ ನಂಬರಿನ ಕಾರ್ಡೇ ಅದು. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಇನ್ನೊಬ್ಬರ ಜೊತೆ ಸೇರಿ ಅದೇ ವರ್ಷ ಅದನ್ನು 4,51,000 ಡಾಲರ್‌ಗೆ ಕೊಂಡಿದ್ದರು. 2007ರಲ್ಲಿ ಅದು 28 ಲಕ್ಷ ಡಾಲರ್‌ಗೆ ಕೈ ಬದಲಾಯಿತು. 2013ರಲ್ಲಿ ಬಿಲ್ ಮಾಸ್ಟ್ರೋ ಅನ್ನುವ ಹರಾಜುದಾರ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಆ ಕಾರ್ಡನ್ನು 1985ರಲ್ಲಿ 25,000 ಡಾಲರ್‌ಗೆ ಕೊಂಡು, ಸವೆದ ಅಂಚನ್ನು ಕತ್ತರಿಸಿದ್ದು ತಾವೇ ಎಂದರು. ಹರಾಜಿನಲ್ಲಿ ಸುಳ್ಳು ಬಿಡ್ ಹಾಕಿಸಿದ್ದೂ ಸೇರಿ 2015ರಲ್ಲಿ 20 ತಿಂಗಳು ಜೈಲು ಶಿಕ್ಷೆಯಾಯಿತು.

ಕತ್ತರಿಸಿದ ಕಾರ್ಡು ಅಂತ 22 ವರ್ಷ ಗುಸುಗುಸು ಇತ್ತು. ಆದರೆ ಕಂಪನಿಯ ಹೆಸರು ನಿಂತದ್ದೇ ಆ ಕಾರ್ಡಿನ ಮೇಲೆ. ಅದನ್ನು ತಪ್ಪು ಅಂದರೆ ಉಳಿದ ಡಬ್ಬಿಗಳ ಗತಿ? ಅಂಕ ಕೊಡುವವನಿಗೆ ಅಂಕ ಹಾಕಿಸಿಕೊಳ್ಳುವವನೇ ದುಡ್ಡು ಕೊಡುವ ಯಾವ ವ್ಯವಸ್ಥೆಯಲ್ಲೂ ಈ ತೊಡಕು ಇದ್ದೇ ಇರುತ್ತದೆ. ಈಗ ಡಬ್ಬಿಯನ್ನೇ ನಕಲು ಮಾಡುವ ಕಾಲವೂ ಬಂದಿದೆ. ಅಸಲಿ ನಾಣ್ಯದ ಅಸಲಿ ನಂಬರನ್ನು ನಕಲಿ ಡಬ್ಬಿಯ ಮೇಲೆ ಅಚ್ಚು ಹಾಕುತ್ತಾರೆ. ಕಂಪನಿಯ ಜಾಲತಾಣದಲ್ಲಿ ನಂಬರ್ ಹಾಕಿದರೆ ‘ಸರಿ’ ಅಂತ ಬರುತ್ತದೆ. ಅಲ್ಲಿಗೆ ನಿಲ್ಲಿಸದೆ ಫೋಟೊ ತೆರೆದು, ಒಂದೊಂದು ಗೀರೂ ಹೊಂದುತ್ತದಾ ಅಂತ ನೋಡಬೇಕು. ಡಬ್ಬಿಯೊಳಗಿನ ನಾಣ್ಯದ ಅಂಚು ಪೂರ್ತಿ ಕಾಣುವುದಿಲ್ಲ ಅನ್ನುವುದು ಇನ್ನೊಂದು ಕಿರಿಕಿರಿ.

ನಮಗೆ ಇದಕ್ಕಿಂತ ದೊಡ್ಡ ತೊಡಕು ಕಾನೂನಿನದು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. 1939ರ ರೂಪಾಯಿಯನ್ನು ಅಮೆರಿಕಕ್ಕೆ ಪರೀಕ್ಷೆಗೆ ಕಳಿಸಲು ಈ ಕಾಯ್ದೆಯ ಅಡ್ಡಿ ಇಲ್ಲ. ನನ್ನ 1911ರದ್ದನ್ನು ಕಳಿಸಬಾರದು. ಟಿಪ್ಪುವಿನ ಆನೆ ಕಾಸು, ಕಂಠೀರವ ನರಸರಾಜರ ಚಿನ್ನದ ಹಣ, ವಿಜಯನಗರದ ವರಾಹ, ಯಾವುದನ್ನೂ ಕಳಿಸಬಾರದು. ಅಂದರೆ ಕರ್ನಾಟಕದ ಸಂಗ್ರಾಹಕರು ಹೆಚ್ಚು ಪ್ರೀತಿಸುವ ನಾಣ್ಯಗಳಿಗೆ ಈ ಡಬ್ಬಿಯ ದಾರಿ ಮುಚ್ಚಿದೆ. ತಪ್ಪು ತಿಳಿಯಬೇಡಿ, ಕಾನೂನು ಇರಬೇಕು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ವರಾಹಗಳು ಮ್ಯೂಸಿಯಂನಲ್ಲಿ ಮಾತ್ರ ಸಿಗುತ್ತಿದ್ದವು. ಆದರೆ ಪರೀಕ್ಷೆಗೆ ಇಲ್ಲೇ ಏನಾದರೂ ಏರ್ಪಾಡು ಬೇಕು ಅನ್ನುವುದೂ ಅಷ್ಟೇ ನಿಜ. ಅಂಥ ನಾಣ್ಯಕ್ಕೆ ಹೆಚ್ಚಿನ ಸಲ ಇರುವ ಸರ್ಟಿಫಿಕೇಟು ಮಾರುವವನ ಮಾತು.

ಅಂಚೆಚೀಟಿಯವರು ಈ ವಿಷಯದಲ್ಲಿ ನಮಗಿಂತ ಮುಂದೆ. ಅವರಿಗೆ ಪೆಟ್ಟು ಜೋರಾಗಿ ಬಿದ್ದಿತ್ತು, ಅದಕ್ಕೆ. 1948ರ ಆಗಸ್ಟ್ 15ರಂದು ಗಾಂಧೀಜಿಯ ನಾಲ್ಕು ಅಂಚೆಚೀಟಿಗಳು ಬಂದವು. ಗವರ್ನರ್ ಜನರಲ್ ಕಚೇರಿಯ ಬಳಕೆಗೆಂದು ನೂರು ಸೆಟ್ ಮೇಲೆ ಮಾತ್ರ ಇಂಗ್ಲಿಷಿನಲ್ಲಿ ‘ಸರ್ವಿಸ್’ ಅಂತ ಏಳು ಅಕ್ಷರ ಅಚ್ಚು ಹಾಕಿದರು. ಆ ಹತ್ತು ರೂಪಾಯಿ ಚೀಟಿಯ ನಾಲ್ಕರ ಸಾಲೊಂದು 2017ರಲ್ಲಿ ಲಂಡನ್ನಿನ ಅಂಚೆಚೀಟಿ ವ್ಯಾಪಾರಿ ಸಂಸ್ಥೆ ಸ್ಟ್ಯಾನ್ಲಿ ಗಿಬ್ಬನ್ಸ್ ಮೂಲಕ 5 ಲಕ್ಷ ಪೌಂಡ್‌ಗೆ ಹೋಯಿತು. ಆ ಏಳು ಅಕ್ಷರ ಇಲ್ಲದ ಚೀಟಿ ಸಂಗ್ರಾಹಕರ ಕೈಗೆ ಎಟುಕುವ ಬೆಲೆಯಲ್ಲೇ ಇದೆ. ಅಸಲಿ ಚೀಟಿ, ಅಸಲಿ ಕಾಗದ, ಅಸಲಿ ಗಾಂಧಿ. ನಕಲಿ ಅಂದರೆ ಏಳು ಅಕ್ಷರ ಅಷ್ಟೇ. ತಿದ್ದುವವರಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಬೇಕಾ? ಹೀಗಾಗಿ ಆ ಚೀಟಿಯನ್ನು ತಜ್ಞರ ಸರ್ಟಿಫಿಕೇಟ್ ಇಲ್ಲದೆ ಬುದ್ಧಿಯಿರುವ ಯಾರೂ ಕೊಳ್ಳುವುದಿಲ್ಲ. ಕಾಗದ ಕೇಳುವುದು ಅಲ್ಲಿ ಅವಮಾನ ಅಲ್ಲ. ನಾಣ್ಯದವರಲ್ಲಿ ಇನ್ನೂ ‘ನನ್ನ ಮೇಲೆ ನಂಬಿಕೆ ಇಲ್ವಾ ಸಾರ್?’ ಅನ್ನುವ ಮಾತು ಬರುತ್ತದೆ.

ಇಲ್ಲಿ ಒಂದು ಅಡ್ಡಮಾತು. ಹನುಮಂತನ ಚಿತ್ರ ಇರುವ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಅಂತ ವಿಡಿಯೊ ನೋಡಿ ನನಗೆ ಫೋನ್ ಮಾಡುವವರು ಇದ್ದಾರೆ. ಅದು ತಿದ್ದಿದ್ದೂ ಅಲ್ಲ, ನಕಲಿಯೂ ಅಲ್ಲ. ನಕಲು ಮಾಡಲು ಅಸಲಿ ಇರಬೇಕಲ್ಲ? ಕಂಪನಿ ಅಂಥ ನಾಣ್ಯ ಹೊಡೆಸಲೇ ಇಲ್ಲ. ಹಳೇ ನಾಣ್ಯ, ನೋಟು ಕೊಳ್ಳುತ್ತೇವೆ ಅಂತ ತನ್ನ ಹೆಸರು ಹೇಳಿ ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆಯನ್ನೇ ಕೊಟ್ಟಿದೆ. ಅಷ್ಟಾದರೂ ಫೋನ್ ನಿಂತಿಲ್ಲ.

ಈಗ ವ್ಯಾಪಾರದ ದೊಡ್ಡ ಪಾಲು ವಾಟ್ಸಾಪ್ ಗುಂಪುಗಳಿಗೆ ಬಂದಿದೆ. ರಾತ್ರಿ ಒಂಬತ್ತಕ್ಕೆ ಹರಾಜು, ಹತ್ತಕ್ಕೆ ಮುಕ್ತಾಯ. ಎರಡು ಫೋಟೊ, ಮುಖ ಮತ್ತು ಬೆನ್ನು. ಅಂಚಿನ ಫೋಟೊ ಯಾರೂ ಹಾಕುವುದಿಲ್ಲ. ನಾಣ್ಯ ಎರಡಿಂಚಿನ ರಟ್ಟಿನ ಹೋಲ್ಡರ್‌ನಲ್ಲಿ ಪಿನ್ನು ಹೊಡೆದು ಕೂತಿರುತ್ತದೆ, ಅಂಚು ರಟ್ಟಿನ ಒಳಗೆ ಭದ್ರ. ಬಿಚ್ಚಿ ತೋರಿಸಿ ಅಂದರೆ, ‘ಬೆರಳಚ್ಚು ಬೀಳತ್ತೆ ಸಾರ್’. ಮೇಲಿಂದ ಜೋರು ಬೆಳಕು ಬಿಟ್ಟು ತೆಗೆದ ಫೋಟೊದಲ್ಲಿ ಗೀರುಗಳೆಲ್ಲ ಬಿಳುಪಿನಲ್ಲಿ ಮುಳುಗಿಹೋಗುತ್ತವೆ. ಅದಕ್ಕೇ ನಾನು ಫೋಟೊ ಕೇಳುವುದನ್ನು ಬಿಟ್ಟು ವಿಡಿಯೊ ಕೇಳುತ್ತೇನೆ. ಹತ್ತು ಸೆಕೆಂಡು ಸಾಕು. ಕಿಟಕಿಯ ಹತ್ತಿರ ನಿಂತು, ನಾಣ್ಯವನ್ನು ಎರಡು ಬೆರಳಲ್ಲಿ ಹಿಡಿದು, ಓರೆ ಮಾಡುತ್ತಾ ಒಂದು ಸುತ್ತು ಅಂಚು ತಿರುಗಿಸಿ ಅನ್ನುತ್ತೇನೆ. ಇದಕ್ಕೆ ಬರುವ ಉತ್ತರದಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತದೆ. ಕಳಿಸುವವರು ಕಳಿಸುತ್ತಾರೆ. ಕಳಿಸದವರು ‘ಬೇರೆ ಪಾರ್ಟಿ ರೆಡಿ ಇದ್ದಾರೆ’ ಅನ್ನುತ್ತಾರೆ.

ಗುಂಪುಗಳಲ್ಲಿ ‘ಬ್ಲಾಕ್ ಲಿಸ್ಟ್’ ಮಾಡುವ ಪದ್ಧತಿ ಇದೆ. ಅದರ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ತಿದ್ದಿದವನು ಒಬ್ಬ, ಸಿಕ್ಕಿಬೀಳುವವನು ನಾಲ್ಕನೇ ಕೈ. ಆ ನಾಲ್ಕನೆಯವನಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಅವನನ್ನು ಗುಂಪಿನಿಂದ ಹೊರಹಾಕಿದರೆ ಮುಂದಿನವನು ಸುಮ್ನೆ ಬಾಯಿ ಮುಚ್ಚಿಕೊಂಡು ಬೇರೆ ಗುಂಪಿನಲ್ಲಿ ಮಾರುತ್ತಾನೆ. ಅದಕ್ಕಿಂತ, ತಪ್ಪು ಹೊರಬಿದ್ದರೆ ಏಳು ದಿನದೊಳಗೆ ದುಡ್ಡು ವಾಪಸ್ ಅನ್ನುವ ಡೀಲರ್ ಹತ್ತಿರ ನೂರು ರೂಪಾಯಿ ಜಾಸ್ತಿ ಕೊಟ್ಟು ಕೊಳ್ಳುವುದೇ ವಾಸಿ. ನನಗೆ ಗೊತ್ತಿರುವ ಒಬ್ಬ ಹಿರಿಯರು ಪ್ರತಿ ನಾಣ್ಯದ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದೇ ಕೊಡುತ್ತಾರೆ: ಯಾವ ಊರಿಂದ ಬಂತು, ಯಾವ ವರ್ಷ, ಏನು ದೋಷ. ಅವರ ಲಕೋಟೆಗೆ ನಮ್ಮಲ್ಲಿ ಸ್ಲ್ಯಾಬಿನಷ್ಟೇ ಮರ್ಯಾದೆ.

ಅವರನ್ನು ನೋಡಿಯೇ ನಾನೂ ಹಾಗೆ ಮಾಡಿದೆ. ಹಂದಿ ರೂಪಾಯಿಯನ್ನು ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಕೊಂಡ ಬೆಲೆಯ ಮೂರನೇ ಒಂದು ಪಾಲಿಗೆ ಮಾರಿದೆ. ಲಕೋಟೆಯ ಮೇಲೆ ‘12 ಗಂಟೆಯ ಜಾಗದಲ್ಲಿ ಕುಣಿಕೆ ತೆಗೆದಿದೆ, ಹಲ್ಲು ತಿದ್ದಿದೆ’ ಅಂತ ಬರೆದೆ. ಕೊಂಡವರು ಓದಿ, ತಲೆಯಾಡಿಸಿ ತಗೊಂಡರು.

ಎಂಟು ತಿಂಗಳ ಮೇಲೆ ಅದೇ ರೂಪಾಯಿ ಒಂದು ಗುಂಪಿನ ಹರಾಜಿಗೆ ಬಂತು. ರಾಜನ ಕೆನ್ನೆಯ ಮೇಲೆ ಕೊಡಲಿ ಆಕಾರದ ಒಂದು ಸಣ್ಣ ಗೀರಿತ್ತು, ಅದರಿಂದ ಗುರುತು ಹಿಡಿದೆ. ಹೊಸ ರಟ್ಟಿನ ಹೋಲ್ಡರ್. ಅದರ ಮೇಲೆ ನೀಟಾಗಿ ‘1911, ಪಿಗ್, ಸೂಪರ್ ಕಂಡೀಶನ್’. ಮಾರುತ್ತಿದ್ದವರು ನಾನು ಕೊಟ್ಟವರಲ್ಲ, ಬೇರೆ ಊರಿನವರು. ಅವರಿಗೆ ಖಾಸಗಿಯಾಗಿ ಒಂದು ಮೆಸೇಜ್ ಹಾಕಿದೆ: ‘ಸಾರ್, ಇದರ ಜೊತೆ ಒಂದು ಲಕೋಟೆ ಇತ್ತಾ?’

ಸ್ವಲ್ಪ ಹೊತ್ತಿಗೆ ಉತ್ತರ ಬಂತು: ‘ಇಲ್ಲ ಸಾರ್, ನನಗೆ ಬರೀ ನಾಣ್ಯ ಬಂದದ್ದು.’